ಹಾವಿಗೆ ನೆಗಡಿಯಾದರೆ

ಸಂಕ್ರಾಂತಿ ಮುಗಿದು ಎಂಟು ದಿನವಾಗಿತ್ತು. ನಮ್ಮ ಕಬ್ಬೂರಿನಲ್ಲಿ ಆ ದಿನಗಳಲ್ಲಿ ಹೊತ್ತು ಮುಳುಗಿದರೆ ಸಾಕು, ಚಳಿ ಶುರು. ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ನಮ್ಮ ಓಣಿಯ ಹುಡುಗನೊಬ್ಬ ಬಂದು ನಿಂತ. ಆರನೆಯ ಇಯತ್ತೆಯವನು. ಹೆಸರು ಬರೆಯುವುದಿಲ್ಲ, ಬರೆಯಬೇಡಿರೆಂದು ಅವನೇ ಹೇಳಿದ್ದಾನೆ.

“ಅಜ್ಜಾ, ಹಾವಿಗೆ ಕುರುಡು ಬರತೈತೇನ್ರಿ?”

“ಯಾಕಪಾ? ಯಾವ ಹಾವು?”

“ಸುಮ್ನ ಕೇಳಿದ್ನಿರಿ.”

ಸುಮ್ಮನೆ ಕೇಳುವ ಹುಡುಗ ಅಷ್ಟು ಹೊತ್ತು ಒಂಟಿಗಾಲಿನ ಮೇಲೆ ನಿಲ್ಲುವುದಿಲ್ಲ. ಚಹಾ ಕುಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ ಮೇಲೆ ವಿಷಯ ಹೊರಬಿತ್ತು. ಇಪ್ಪತ್ತು ದಿನಗಳ ಹಿಂದೆ ಇವರ ಮಡ್ಡಿ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುವಾಗ ಮಣ್ಣಿನ ಹೆಂಟೆಯ ಜೊತೆ ಒಂದು ಹಾವು ಮೇಲೆ ಬಂದಿತ್ತು. ಕೆಲಸದವರು ಬಡಿಗೆ ಎತ್ತಿದರು. ಇವನು ಅಡ್ಡ ಹೋಗಿ, ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದ. ಅದು ಎರಡು ತಲೆ ಹಾವು. ಪುಸ್ತಕದಲ್ಲಿ ಮಣ್ಣುಮುಕ್ಕ ಅನ್ನುತ್ತಾರೆ, ನಮ್ಮ ಗಡಿಯ ಆಚೆ ಮರಾಠಿಯವರು ಮಾಂಡೂಳ ಅನ್ನುತ್ತಾರೆ. ಅವತ್ತಿನಿಂದ ಹಿತ್ತಲಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಣ್ಣು ತುಂಬಿ ಅದನ್ನು ಸಾಕುತ್ತಿದ್ದಾನೆ. ಏನೂ ತಿನ್ನುತ್ತಿಲ್ಲ. ಕಣ್ಣು ಹಾಲಿನ ಹಾಗೆ ಬೆಳ್ಳಗೆ ಆಗಿದೆ. ಹುಡುಗನಿಗೆ ಹೊಟ್ಟೆಯಲ್ಲಿ ಸಂಕಟ.

ಮಕ್ಕಳೇ, ಮುಂದೆ ಹೋಗುವ ಮೊದಲು ಒಂದು ಮಾತು. ಆ ಹುಡುಗ ಮಾಡಿದ್ದನ್ನು ನೀವು ಮಾಡಬಾರದು. ಎರಡು ತಲೆ ಹಾವಿಗೆ ವಿಷವಿಲ್ಲ, ಅದು ನಿಜ. ಆದರೆ ಅದರ ಹತ್ತಿರದ ಸಂಬಂಧಿಯಾದ ಇನ್ನೊಂದು ಮಣ್ಣಿನ ಹಾವು ಮೈಮೇಲಿನ ಮಚ್ಚೆಯಲ್ಲಿ ಕೊಳಕುಮಂಡಲದ ಹಾಗೆಯೇ ಕಾಣುತ್ತದೆ. ಕೊಳಕುಮಂಡಲ ನಮ್ಮ ದೇಶದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವ ನಾಲ್ಕು ಹಾವುಗಳಲ್ಲಿ ಒಂದು. ನಾಗರ, ಕಟ್ಟುಹಾವು, ಗರಗಸ ಮಂಡಲ ಉಳಿದ ಮೂರು. ದೊಡ್ಡವರೇ ಗುರುತು ತಪ್ಪುತ್ತಾರೆ. ಚೀಲ ಹಿಡಿದು ಹೋಗುವ ಧೈರ್ಯ ಯಾರೂ ಮಾಡಬೇಡಿ.

ಹಿತ್ತಲಿಗೆ ಹೋದೆವು. ಟಾರ್ಚ್ ಬೆಳಕಿನಲ್ಲಿ ನೋಡಿದೆ. ಸುಮಾರು ಎರಡೂವರೆ ಅಡಿ ಉದ್ದ, ಇಟ್ಟಂಗಿಯ ಬಣ್ಣ, ತಲೆ ಯಾವುದು ಬಾಲ ಯಾವುದು ತಿಳಿಯದ ಹಾಗೆ ಎರಡೂ ತುದಿ ಮೊಂಡು. ಈ ಹಾವಿಗೆ ಹೆದರಿಕೆಯಾದರೆ ತಲೆಯನ್ನು ಸುರುಳಿಯೊಳಗೆ ಮುಚ್ಚಿಕೊಂಡು ಬಾಲವನ್ನು ಮೇಲೆ ಮಾಡುತ್ತದೆ. ಹೊಡೆಯುವವ ಬಾಲಕ್ಕೆ ಹೊಡೆಯಲಿ, ತಲೆ ಉಳಿಯಲಿ ಎನ್ನುವ ಉಪಾಯ. ಅದನ್ನೇ ಜನ ಎರಡು ತಲೆ ಮಾಡಿಬಿಟ್ಟರು. ಆರು ತಿಂಗಳು ಆ ಕಡೆ ನಡೆಯುತ್ತದೆ, ಆರು ತಿಂಗಳು ಈ ಕಡೆ ನಡೆಯುತ್ತದೆ ಎಂದು ಕತೆ ಕಟ್ಟಿದರು. ಹಾವಾಡಿಸುವ ಕೆಲವರಂತೂ ಬಾಲವನ್ನು ಕೊಯ್ದು ಕಣ್ಣು, ಬಾಯಿ ಇದ್ದ ಹಾಗೆ ಗುರುತು ಮಾಡುತ್ತಿದ್ದರು.

“ಕುರುಡಾಗಿಲ್ಲ ತಗೋ” ಅಂದೆ. “ಪೊರಿ ಬಿಡಾಕ ತಯಾರಿ ಮಾಡೇತಿ.”

ಹಾವಿಗೆ ನಮ್ಮ ಹಾಗೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಡಿಯಾರದ ಗಾಜಿನಂಥ ಒಂದು ಪಾರದರ್ಶಕ ಹುರುಪೆ ಇರುತ್ತದೆ. ಪೊರೆ ಬಿಡುವ ಕಾಲ ಬಂದಾಗ ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿಕೊಳ್ಳುತ್ತದೆ. ಆಗ ಮೈಬಣ್ಣ ಮಂಕಾಗುತ್ತದೆ, ಕಣ್ಣು ತಿಳಿನೀಲಿಯಾಗಿ ಮಸುಕಾಗುತ್ತದೆ. ಕೆಲವು ದಿನ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಅವಿತುಕೊಳ್ಳುತ್ತದೆ, ಸಿಟ್ಟು ಮಾಡುತ್ತದೆ, ಊಟ ಬಿಡುತ್ತದೆ. ಆಮೇಲೆ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಕೆಲವು ದಿನಕ್ಕೆ ಮೂತಿಯನ್ನು ಕಲ್ಲಿಗೋ ಬೇರಿಗೋ ತಿಕ್ಕಿ, ಕಾಲುಚೀಲ ತಿರುವಿ ತೆಗೆದ ಹಾಗೆ ಇಡೀ ಪೊರೆಯನ್ನು ಒಂದೇ ತುಂಡಾಗಿ ಕಳಚುತ್ತದೆ. ಆ ಪೊರೆಯಲ್ಲಿ ಕಣ್ಣಿನ ಗಾಜೂ ಇರಬೇಕು.

ಉಪವಾಸವೂ ಹೆದರುವ ಮಾತಲ್ಲ. ಹಾವು ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲಾರದು. ಬಿಸಿಲು, ಕಾದ ಮಣ್ಣು, ಕಾದ ಕಲ್ಲು ಇವೇ ಅದರ ಒಲೆ. ಒಲೆ ಆರಿದ ಚಳಿಗಾಲದಲ್ಲಿ ತಿಂದದ್ದು ಅರಗುವುದಿಲ್ಲ ಎಂದು ಅದಕ್ಕೇ ಗೊತ್ತು. ದೊಡ್ಡ ಹಾವು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ತಿನ್ನದೆ ಇರಬಲ್ಲದು. ಹುಡುಗ ಹೆದರಿದ್ದ ಎರಡು ಸಂಗತಿಗಳೂ ರೋಗವೇ ಅಲ್ಲ.

ಅವನ ಮುಖ ಅರಳಿತು. ಆದರೆ ನನ್ನದು ಅರಳಲಿಲ್ಲ. ಡ್ರಮ್ಮಿನಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಬೆರಳಿನಿಂದ ಬಬಲ್‌ಗಮ್ ಕಿತ್ತ ಹಾಗೆ, ಟಿಕ್, ಟಿಕ್. ಬಗ್ಗಿ ನೋಡಿದೆ. ಹಾವು ತಲೆಯನ್ನು ಸ್ವಲ್ಪ ಮೇಲೆತ್ತಿ, ಬಾಯಿಯನ್ನು ಚೂರೇ ಚೂರು ತೆರೆದು ಉಸಿರಾಡುತ್ತಿತ್ತು. ಮೂಗಿನ ಹೊರಳೆಯಲ್ಲಿ ಒಂದು ಗುಳ್ಳೆ ಉಬ್ಬಿ ಒಡೆಯಿತು. ಮಣ್ಣು ಮುಟ್ಟಿದೆ. ತಣ್ಣಗೆ, ಒದ್ದೆ ಮುದ್ದೆ.

“ನೀರ ಹಾಕ್ತಿಯೇನು?”

“ದಿನಾ ಎರಡ ಸಲ ಹಾಕ್ತನ್ರಿ. ಅದಕ್ಕ ನೀರಡಿಸಬಾರದಂತ.”

ಮಕ್ಕಳೇ, ಮಣ್ಣುಮುಕ್ಕ ಒಣ ಮಣ್ಣಿನ ಹಾವು. ಸಡಿಲಾದ ಉಸುಕು ಮಣ್ಣಿನಲ್ಲಿ ಹುದುಗಿ ಕೂತು, ಹತ್ತಿರ ಬಂದ ಇಲಿಯನ್ನು ಹಿಡಿದು ಮೈ ಸುತ್ತಿ ಬಿಗಿದು ಕೊಲ್ಲುವುದು ಅದರ ಪದ್ಧತಿ. ಹುಡುಗ ಅದನ್ನು ಜನವರಿಯ ಚಳಿಯಲ್ಲಿ, ಬಿಸಿಲು ಬೀಳದ ಹಿತ್ತಲಲ್ಲಿ, ಕೆಸರಿನೊಳಗೆ ಕೂರಿಸಿದ್ದ. ಪ್ರೀತಿಯಿಂದಲೇ ಕೂರಿಸಿದ್ದ.

“ಹಾವಿಗೆ ನೆಗಡಿ ಆಗೇತಿ” ಅಂದೆ. ಹುಡುಗ ನಕ್ಕ. ನಾನು ನಗಲಿಲ್ಲ.

ನಮಗೆ ನೆಗಡಿಯಾದರೆ ಕೆಮ್ಮುತ್ತೇವೆ, ಸೀನುತ್ತೇವೆ, ಮೂಗು ಒರೆಸಿಕೊಂಡು ಶಾಲೆಗೆ ಹೋಗುತ್ತೇವೆ. ಕೆಮ್ಮಲು ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎನ್ನುವ ಒಂದು ಸ್ನಾಯುವಿನ ಪರದೆ ಸಹಾಯ ಮಾಡುತ್ತದೆ. ಹಾವಿಗೆ ಆ ಪರದೆ ಇಲ್ಲ. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಂದಲೇ ಉಸಿರಾಡಬೇಕು. ಬಹುತೇಕ ಹಾವುಗಳಲ್ಲಿ ಬಲಗಡೆಯ ಉದ್ದನೆಯ ಶ್ವಾಸಕೋಶವೇ ಮುಖ್ಯ, ಎಡಗಡೆಯದು ಚಿಕ್ಕದು, ಇಲ್ಲವೇ ಹೆಸರಿಗೆ ಮಾತ್ರ. ಹೀಗಾಗಿ ಒಳಗೆ ಕಫ ಕಟ್ಟಿದರೆ ಕೆಮ್ಮಿ ಹೊರಗೆ ಹಾಕುವ ದಾರಿಯಿಲ್ಲ. ಕಫ ಅಲ್ಲೇ ಕೂರುತ್ತದೆ, ಕೀವಾಗುತ್ತದೆ, ಹಾವು ಸಾಯುತ್ತದೆ. ಸಾಯುವಾಗಲೂ ಸದ್ದು ಮಾಡುವುದಿಲ್ಲ. ನಾಯಿ ನರಳುತ್ತದೆ, ಆಕಳು ಮೇವು ಬಿಟ್ಟು ನಮ್ಮ ಕಡೆ ನೋಡುತ್ತದೆ. ಹಾವಿಗೆ ನರಳಲು ಬರುವುದಿಲ್ಲ. ಅದರ ನೋವನ್ನು ಕೇಳಲು ಆಗದು, ನೋಡಿಯೇ ತಿಳಿಯಬೇಕು.

ನನಗೆ ಇದು ತಿಳಿದದ್ದು ತಡವಾಗಿ. ನಾನು ಎರಡನೆಯ ಇಯತ್ತೆಯಲ್ಲಿ ಇದ್ದಾಗಿನ ಮಾತು, 1950ರ ದಶಕದ ಕೊನೆ. ಪಂಚಮಿ ಹಬ್ಬ. ಓಣಿಯ ತುಂಬ ಜೋಕಾಲಿ, ಮನೆಯ ತುಂಬ ಅಳ್ಳು, ಶೇಂಗಾ ಉಂಡಿ. ಹಾವಾಡಿಗನೊಬ್ಬ ಬುಟ್ಟಿ ಹೊತ್ತು ಬಂದ. ಮುಚ್ಚಳ ತೆಗೆದರೆ ನಾಗರಹಾವು. ಅವ್ವ ಬಟ್ಟಲಿನಲ್ಲಿ ಹಾಲು ಕೊಟ್ಟಳು, ನಾನೇ ಮುಂದೆ ಇಟ್ಟೆ. ಹಾವು ಬಟ್ಟಲಿಗೆ ಬಾಯಿ ಹಚ್ಚಿತು. “ನಾಗಪ್ಪ ಹಾಲು ಕುಡದಾ” ಎಂದು ಇಡೀ ಓಣಿ ಕೈಮುಗಿಯಿತು. ನನಗೆ ಆ ದಿನವೆಲ್ಲ ಉಬ್ಬು. ಮರುದಿನ ಹಳ್ಳದ ದಂಡೆಗೆ ದನ ಹೊಡೆದುಕೊಂಡು ಹೋದಾಗ ಅದೇ ಹಾವು ಸತ್ತು ಬಿದ್ದಿತ್ತು. ಹೆಡೆಯ ಮೇಲೆ ನಮ್ಮವ್ವ ಹಚ್ಚಿದ ಕುಂಕುಮ ಹಾಗೆಯೇ ಇತ್ತು. ತುಟಿಯ ಅಂಚಿನಲ್ಲಿ ದಾರದ ಹೊಲಿಗೆ ಇತ್ತು. ನಾನು ಯಾರಿಗೂ ಹೇಳಲಿಲ್ಲ.

ಆ ಹಾವು ಹಾಲು ಕುಡಿದದ್ದು ಭಕ್ತಿಯಿಂದಲ್ಲ. ಹಬ್ಬಕ್ಕೆ ಮೊದಲು ವಾರಗಟ್ಟಲೆ ನೀರು ಕೊಡದೆ ಇಟ್ಟರೆ ಹಾವು ಸಿಕ್ಕದ್ದನ್ನು ಕುಡಿಯುತ್ತದೆ. ಹಾಲು ಸಸ್ತನಿಗಳ ಮರಿಗಳ ಆಹಾರ. ಹಾವಿನ ಹೊಟ್ಟೆಗೆ ಅದು ಅರಗದು. ಬಿಗಿದ ಬಾಯಿಯಲ್ಲಿ ಒತ್ತಾಯದಿಂದ ಇಳಿದ ಹಾಲು ಶ್ವಾಸಕೋಶಕ್ಕೂ ನುಗ್ಗುತ್ತದೆ. ಅರಿಸಿಣ, ಕುಂಕುಮದ ಪುಡಿ ಮೂಗಿನ ಹೊರಳೆಗೆ ಹೋಗುತ್ತದೆ. ಕಿತ್ತ ಹಲ್ಲಿನ ಗಾಯ ಕೊಳೆಯುತ್ತದೆ. ಪುಂಗಿಯ ರಾಗಕ್ಕೆ ತಲೆದೂಗುತ್ತದೆ ಎಂದುಕೊಂಡೆವು. ಹಾವಿಗೆ ಹೊರಕಿವಿ ಇಲ್ಲ. ಮುಂದೆ ಅಲ್ಲಾಡುವ ಪುಂಗಿಯನ್ನು ವೈರಿ ಎಂದು ತಿಳಿದು, ಕಣ್ಣು ಕೀಲಿಸಿ, ಅದು ಹೋದ ಕಡೆಗೆ ತಾನೂ ತಿರುಗುತ್ತದೆ. ನಾನು ಅವತ್ತು ನೋಡಿದ್ದು ದೇವರ ಆಟವಲ್ಲ, ಒಂದು ರೋಗಿಷ್ಟ ಹಾವಿನ ಕೊನೆಯ ದಿನ. ಹಾವಾಡಿಗನ ಮೇಲೂ ನನಗೆ ಸಿಟ್ಟಿಲ್ಲ. ಅವನ ಹೊಟ್ಟೆಯೂ ಆ ಹಾವಿನ ಹೊಟ್ಟೆಯ ಹಾಗೆಯೇ ಖಾಲಿ ಇತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ನಮ್ಮ ನಾಡಿನ ಹಾವನ್ನು ಹಿಡಿದು ಇಟ್ಟುಕೊಳ್ಳುವುದು, ಮಾರುವುದು, ಆಡಿಸುವುದು ಅಪರಾಧವಾಯಿತು. ಇಲ್ಲಿಂದ ಬಹಳ ದೂರವೇನಲ್ಲದ ಸಾಂಗ್ಲಿ ಜಿಲ್ಲೆಯ ಬತ್ತೀಸ್ ಶಿರಾಳದಲ್ಲಿ ಪಂಚಮಿಗೆ ಜೀವಂತ ನಾಗರಹಾವುಗಳ ಮೆರವಣಿಗೆ ಮಾಡುವ ಹಳೆಯ ಪದ್ಧತಿ ಇತ್ತು. ಅದಕ್ಕೂ ಬಾಂಬೆ ಹೈಕೋರ್ಟು ತಡೆ ಹಾಕಿತು. ಹಾವು ಹಿಡಿಯುವ ವಿದ್ಯೆಯೇ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ತಮಿಳುನಾಡಿನ ಇರುಳರು 1978ರಲ್ಲಿ ಸರ್ಕಾರದ ಪರವಾನಿಗೆಯಿಂದಲೇ ಸಹಕಾರಿ ಸಂಘ ಕಟ್ಟಿಕೊಂಡರು. ಹಿಡಿದ ಹಾವನ್ನು ಮಣ್ಣಿನ ಗಡಿಗೆಯಲ್ಲಿ ಕೆಲವೇ ವಾರ ಇಟ್ಟು, ಔಷಧಿಗೆ ಬೇಕಾದ ವಿಷ ತೆಗೆದುಕೊಂಡು, ಹೊಟ್ಟೆಯ ಹುರುಪೆಗೆ ಗುರುತು ಹಾಕಿ ಮತ್ತೆ ಬಿಡುತ್ತಾರೆ. ಗುರುತು ಅಳಿಸುವವರೆಗೆ ಆ ಹಾವನ್ನು ಮತ್ತೆ ಹಿಡಿಯುವುದಿಲ್ಲ. ಹಾವು ಕಚ್ಚಿದವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಇಂಜೆಕ್ಷನ್ನಿನ ಮೂಲದಲ್ಲಿ ಅವರ ಕೈಗುಣವಿದೆ.

ಈಗ ಡ್ರಮ್ಮಿನ ಬಳಿಗೆ ಬರೋಣ. “ಇದರ ಬಗ್ಗೆ ಏನರ ಬರದ ಇಟ್ಟಿಯೇನು?” ಎಂದು ಕೇಳಿದೆ. ಹುಡುಗ ಒಳಗೆ ಓಡಿ ಗಣಿತದ ನೋಟ್‌ಬುಕ್ಕು ತಂದ. ಹಿಂದಿನ ಪುಟದಿಂದ ಬರೆದಿದ್ದ. ಜನವರಿ 3, ಹಾವು ತಂದೆ. 4, ಹಾಲು ಇಟ್ಟೆ, ಕುಡಿಯಲಿಲ್ಲ. 5, ನೀರು ಹಾಕಿದೆ. 9, ಸಣ್ಣ ಇಲಿ ಇಟ್ಟೆ, ತಿನ್ನಲಿಲ್ಲ. 16, ಹೊಟ್ಟೆ ಕಡೆ ಕೆಂಪು ಕಲೆ. 18, ಕಣ್ಣು ಬೆಳ್ಳಗೆ. 19, ಹಾವು ಆಕಳಿಸಿತು. 20, ಆಕಳಿಸಿತು. 21, ಬಹಳ ಸಲ ಆಕಳಿಸಿತು, ನಿದ್ದೆ ಬಂದಿರಬೇಕು.

ಜನ್ಮವೆಲ್ಲ ಲೆಡ್ಜರ್ ಬರೆದವನು ನಾನು. ಇಷ್ಟು ಒಳ್ಳೆಯ ಲೆಡ್ಜರ್ ಅಪರೂಪಕ್ಕೆ ನೋಡಿದ್ದೇನೆ. ನಮೂದು ಎಲ್ಲಾ ಸರಿ ಇತ್ತು, ಯಾವುದಕ್ಕೆ ಎಷ್ಟು ತೂಕ ಎನ್ನುವುದಷ್ಟೇ ಅವನಿಗೆ ತಿಳಿದಿರಲಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದ ಕಣ್ಣು, ಊಟ ಎರಡೂ ಸಹಜ. ಸಣ್ಣ ಅಕ್ಷರದಲ್ಲಿ ಬರೆದ ಕೆಂಪು ಕಲೆ, ಆಕಳಿಕೆ ಎರಡೂ ಅಪಾಯ. ಹಾವು ಊಟವಾದ ಮೇಲೆ ದವಡೆ ಕೂಡಿಸಿಕೊಳ್ಳಲು ಒಂದೆರಡು ಸಲ ಆಕಳಿಸುವುದುಂಟು. ಊಟವೇ ಮಾಡದ ಹಾವು ದಿನವೆಲ್ಲ ಬಾಯಿ ತೆರೆದರೆ ಅದು ಆಕಳಿಕೆಯಲ್ಲ, ಉಸಿರಿನ ಹೋರಾಟ. ಒದ್ದೆ ಜಾಗದಲ್ಲಿ ಬಹಳ ದಿನ ಬಿದ್ದ ಹಾವಿನ ಹೊಟ್ಟೆಯ ಹುರುಪೆಗಳು ಕೆಂಪಾಗಿ, ಗುಳ್ಳೆಯೆದ್ದು ಕೊಳೆಯತೊಡಗುತ್ತವೆ.

ಹಾವಿನಲ್ಲಿ ಗಮನಿಸಬೇಕಾದ ಉಳಿದ ಸಂಗತಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕ, ಯುರೋಪಿನ ಕಡೆ ಇರುವ ಕನ್ನಡದ ಮನೆಗಳಲ್ಲಿ ಮಕ್ಕಳು ಕಾನೂನಿನ ಪ್ರಕಾರವೇ ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಸಾಕುವುದುಂಟು. ಅವರಿಗೆ ಇದು ಬೇಕು. ಇಲ್ಲಿರುವ ನಿಮಗೂ ಬೇಕು. ಯಾರದೋ ಬುಟ್ಟಿಯಲ್ಲಿ, ಡಬ್ಬಿಯಲ್ಲಿ ಹಾವು ಕಂಡರೆ ಅದು ಹೇಗಿದೆ ಎಂದು ತಿಳಿಯಲು ಬೇಕು.

ಮೊದಲು ನಾಲಿಗೆ ನೋಡಿ. ಹಾವು ವಾಸನೆ ಹಿಡಿಯುವುದು ನಾಲಿಗೆಯಿಂದ. ಗಾಳಿಯ ಕಣ ಹಿಡಿದು ಬಾಯಿಯ ಮೇಲ್ಭಾಗದ ಒಂದು ಅಂಗಕ್ಕೆ ಮುಟ್ಟಿಸುತ್ತದೆ. ಹತ್ತಿರ ಯಾರಾದರೂ ಬಂದರೂ ನಾಲಿಗೆ ಆಡಿಸದೆ ಹಗ್ಗದ ಹಾಗೆ ಜೋತು ಬಿದ್ದಿದ್ದರೆ ಅದರಲ್ಲಿ ಜೀವವೇ ಕಡಿಮೆ. ಆಮೇಲೆ ಮೈ. ಆರೋಗ್ಯದ ಹಾವಿನ ಮೈ ತುಂಬಿಕೊಂಡಿರುತ್ತದೆ. ಚರ್ಮ ನಿರಿಗೆ ಬಿದ್ದು, ಬೆನ್ನೆಲುಬು ಎದ್ದು ಕಂಡರೆ ನೀರಿಲ್ಲ, ಆಹಾರವಿಲ್ಲ. ಪೊರೆ ಒಂದೇ ತುಂಡಾಗಿ ಬರದೆ ಚೂರು ಚೂರಾಗಿ ಅಂಟಿಕೊಂಡರೆ ಗಾಳಿಯಲ್ಲಿ ತೇವ ಸಾಲದು, ಇಲ್ಲವೇ ಹಾವಿಗೆ ಬೇನೆ ಇದೆ. ಬಾಲದ ತುದಿಯಲ್ಲಿ ಉಳಿದ ಪೊರೆ ಒಣಗಿ ಬಿಗಿದು ರಕ್ತ ಹರಿಯದಂತೆ ಮಾಡುತ್ತದೆ. ಕಣ್ಣಿನ ಮೇಲೆ ಉಳಿದದ್ದನ್ನು ಉಗುರಿನಿಂದ ಕೀಳಲು ಹೋದರೆ ಕಣ್ಣೇ ಹೋಗುತ್ತದೆ. ಅದು ವೈದ್ಯರ ಕೆಲಸ.

ಬಾಯಿಯ ಒಸಡಿನಲ್ಲಿ ಕೆಂಪು ಚುಕ್ಕೆ, ಗಿಣ್ಣದ ಚೂರಿನಂಥ ಕೀವು ಕಂಡರೆ ಬಾಯಿ ಕೊಳೆಯುತ್ತಿದೆ. ಹಲ್ಲು ಕಿತ್ತ ಹಾವಾಡಿಗರ ಹಾವುಗಳಲ್ಲಿ ಇದು ಸಾಮಾನ್ಯ. ಕಣ್ಣಿನ ಸುತ್ತ, ಗಲ್ಲದ ಕೆಳಗೆ ಗಸಗಸೆಯಂಥ ಕಪ್ಪು ಚುಕ್ಕೆ ಓಡಾಡಿದರೆ ಅದು ನುಸಿ. ನುಸಿ ಹತ್ತಿದ ಹಾವು ನೀರಿನ ಬಟ್ಟಲು ಬಿಟ್ಟು ಏಳುವುದಿಲ್ಲ. ನುಂಗಿದ ಇಲಿಯನ್ನು ಎರಡು ದಿನಕ್ಕೆ ಹೊರಗೆ ಹಾಕಿದರೆ ಒಂದೋ ಬೆಚ್ಚನೆಯ ಜಾಗ ಇಲ್ಲ, ಒಂದೋ ಉಂಡ ಕೂಡಲೇ ಯಾರೋ ಎತ್ತಿ ಆಡಿಸಿದ್ದಾರೆ. ಒಮ್ಮೆ ಆದರೆ ತಪ್ಪು ತಿದ್ದಿಕೊಳ್ಳಿ, ಮತ್ತೆ ಮತ್ತೆ ಆದರೆ ರೋಗ. ಎಲ್ಲಕ್ಕಿಂತ ಕೆಟ್ಟ ಲಕ್ಷಣ ಇನ್ನೊಂದಿದೆ. ಹಾವು ನಕ್ಷತ್ರ ನೋಡುವವರ ಹಾಗೆ ತಲೆಯನ್ನು ಹಿಂದಕ್ಕೆ ಬಾಗಿಸಿ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತದೆ, ಬೆನ್ನಡಿಯಾದರೆ ತಿರುಗಿ ಬೀಳಲು ಬರುವುದಿಲ್ಲ. ಇದು ಮೆದುಳು, ನರಗಳ ತೊಂದರೆ. ನಮ್ಮಲ್ಲಿ ಇಂಥದ್ದನ್ನು ಕಂಡರೆ “ಮೈಮೇಲೆ ದೇವರು ಬಂದೈತಿ” ಎಂದು ಕೈಮುಗಿಯುವವರಿದ್ದಾರೆ. ಕೈಮುಗಿಯುವ ಬದಲು ಫೋನು ಮಾಡಬೇಕು.

ನಾವು ಮಾಡಿದ್ದೂ ಅದನ್ನೇ. ಆದರೆ ಸುಲಭಕ್ಕೆ ಅಲ್ಲ. ಹುಡುಗನ ಅವ್ವ ಹೊರಗೆ ಬಂದು ಸೆರಗು ಬಾಯಿಗೆ ಹಿಡಿದು ನಿಂತಳು. “ಫಾರೆಸ್ಟಿನವರು ಬಂದ್ರ ಕೇಸ್ ಆಗತೈತೇನ್ರಿ ಮಾವಾರ?” ಎಂದು ಕೇಳಿದಳು. ಹುಡುಗನ ಕಾಕಾ ಬಂದ. ಅವನದು ಬೇರೆ ಲೆಕ್ಕ. ಎರಡು ತಲೆ ಹಾವಿಗೆ ಲಕ್ಷಗಟ್ಟಲೆ ಕೊಡುವವರಿದ್ದಾರೆ, ತೂಕ ಹೆಚ್ಚಾದಷ್ಟೂ ಬೆಲೆ ಹೆಚ್ಚು, ಮನೆಯಲ್ಲಿ ಇಟ್ಟರೆ ಲಕ್ಷ್ಮಿ ಬರುತ್ತಾಳೆ ಎಂದು ಯಾರೋ ಅವನ ಕಿವಿ ತುಂಬಿದ್ದರು. ಫೋನಿನಲ್ಲಿ ಮಾತೂ ಆಗಿತ್ತು. ಅದಕ್ಕೇ ಡ್ರಮ್ಮು ಹಿತ್ತಲಿನಲ್ಲಿ ಉಳಿದಿತ್ತು.

“ತಮ್ಮಾ” ಅಂದೆ, “ಅಷ್ಟು ವರ್ಷ ಬ್ಯಾಂಕಿನ ಕೌಂಟರಿನಾಗ ಕುಂತೀನಿ. ಹಾವು ಇಟ್ಟಾವ ಸಾವ್ಕಾರ ಆಗಿದ್ದು ಒಂದೂ ಖಾತೆ ನೋಡಿಲ್ಲ. ಈ ಮಾತು ನಂಬಿ ಸಾಲಗಾರ ಆದವರನ್ನ ನೋಡೀನಿ.”

ಇದು ನಗುವ ಮಾತಲ್ಲ. ಈ ಮೂಢನಂಬಿಕೆಯಿಂದಾಗಿ ಕರ್ನಾಟಕ, ಮಹಾರಾಷ್ಟ್ರದಲ್ಲಿ ಮಣ್ಣುಮುಕ್ಕ ಹಾವುಗಳ ಕಳ್ಳಸಾಗಣೆ ನಡೆದೇ ಇದೆ, ಪೊಲೀಸರು ಹಿಡಿಯುತ್ತಲೇ ಇದ್ದಾರೆ. ಹೊರದೇಶದ ಹಾವುಗಳ ಕತೆಯೂ ಇಷ್ಟೇ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನನ್ನು ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ತೆರೆದರೆ ಒಳಗೆ 78 ಪ್ರಾಣಿಗಳಿದ್ದವು. ಅದರಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ. ಜೊತೆಗಿದ್ದ ಆರು ಕೋತಿಗಳು ಸತ್ತೇ ಹೋಗಿದ್ದವು. 2024ರಿಂದ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಸರ್ಕಾರದ ಪರಿವೇಷ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕೆಂಬ ನಿಯಮ ಬಂದಿದೆ. ನಮ್ಮ ನಾಡಿನ ಹಾವಿಗಂತೂ ನೋಂದಣಿಯ ಮಾತೇ ಇಲ್ಲ. ಅದನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ.

ಹುಡುಗ ಎಲ್ಲರ ಮುಖ ನೋಡಿದ. ನನ್ನನ್ನು ಕೇಳಿದ, “ಇಲ್ಲೇ ಔಷಧ ಹಾಕಿದ್ರ ಆರಾಮ ಆಗೂದಿಲ್ಲೇನ್ರಿ?”

“ಆಗೂದಿಲ್ಲಪಾ. ನೀ ಎಷ್ಟ ಚೊಲೋ ನೋಡ್ಕೊಂಡ್ರೂ ಈ ಡ್ರಮ್ಮ ಅದಕ್ಕ ಬ್ಯಾನಿ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಹೋಗಿ ಅವ್ವನ ಫೋನು ತಂದು ನನ್ನ ಕೈಯಲ್ಲಿ ಇಟ್ಟ. ಅರಣ್ಯ ಇಲಾಖೆಯ ಸಹಾಯವಾಣಿ 1926. ಫೋನು ಹಚ್ಚಿದೆ.

ಬಂದವರು ಬೈಯಲಿಲ್ಲ ಎಂದಲ್ಲ. ಕಾಕಾನಿಗೆ ಕಾಯ್ದೆ ಏನು ಹೇಳುತ್ತದೆ ಎಂದು ಬಿಡಿಸಿ ಹೇಳಿದರು, ಬರೆಸಿಕೊಂಡರು. ಹುಡುಗನ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದುಕೊಂಡರು. ಹಾವನ್ನು ನೋಡಿದ ಪಶುವೈದ್ಯರಿಗೆ ಆ ಪುಟಗಳೇ ಹೆಚ್ಚು ಉಪಯೋಗಕ್ಕೆ ಬಂದವಂತೆ. ಎಷ್ಟು ದಿನದಿಂದ ಒದ್ದೆ, ಯಾವತ್ತು ಕಲೆ, ಯಾವತ್ತಿನಿಂದ ಬಾಯಿ ತೆರೆಯುವುದು ಎಲ್ಲ ತಾರೀಖಿನ ಸಮೇತ ಇತ್ತಲ್ಲ. ಒಣ ಉಸುಕಿನ ಪೆಟ್ಟಿಗೆ ಮಾಡಿ, ಒಂದು ತುದಿಯನ್ನು ಸುಮಾರು 30 ಡಿಗ್ರಿಯಷ್ಟು ಬೆಚ್ಚಗೆ ಇಟ್ಟು, ಇನ್ನೊಂದು ತುದಿ ತಂಪಾಗಿ ಬಿಟ್ಟರು. ಬೇಕಾದ ಕಡೆ ಹಾವೇ ಹೋಗುತ್ತದೆ. ಮೈ ಬೆಚ್ಚಗಾದರೆ ಮಾತ್ರ ಹಾವಿಗೆ ರೋಗದ ಜೊತೆ ಹೋರಾಡುವ ಶಕ್ತಿ ಬರುತ್ತದೆ, ಕೊಟ್ಟ ಔಷಧಿಯೂ ಕೆಲಸ ಮಾಡುತ್ತದೆ. ಮೂರು ದಿನಕ್ಕೊಮ್ಮೆ ಇಂಜೆಕ್ಷನ್. ನಮಗೆ ದಿನಕ್ಕೆ ಎರಡು ಮೂರು ಸಲ ಬೇಕಾಗುವ ಔಷಧಿ ಹಾವಿನ ನಿಧಾನದ ಮೈಯಲ್ಲಿ ಅಷ್ಟು ದಿನ ಉಳಿಯುತ್ತದೆ. ಅದನ್ನೂ ಮೈಯ ಮುಂದಿನ ಭಾಗದಲ್ಲೇ ಚುಚ್ಚುತ್ತಾರೆ. ಹಿಂಭಾಗದಲ್ಲಿ ಚುಚ್ಚಿದರೆ ಮೈಗೆಲ್ಲ ಹರಡುವ ಮೊದಲೇ ಮೂತ್ರಪಿಂಡಕ್ಕೆ ಹೋಗಿಬಿಡಬಹುದು ಎಂಬ ಎಚ್ಚರಿಕೆ. ಇದಕ್ಕೇ ಹೇಳುವುದು, ಮನೆಯಲ್ಲಿದ್ದ ಗುಳಿಗೆ ಪುಡಿ ಮಾಡಿ ಹಾಕುವುದು, ಅರಿಸಿಣ ಎಣ್ಣೆ ಹಚ್ಚುವುದು ಯಾವುದೂ ಬೇಡ.

ಮೊದಲ ವಾರ ಯಾರಿಗೂ ಭರವಸೆ ಇರಲಿಲ್ಲ. ಹುಡುಗ ದಿನಾ ಶಾಲೆ ಬಿಟ್ಟ ಮೇಲೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ನನ್ನ ಫೋನು ಬಾರಿಸಿದರೆ ಮಾತ್ರ ತಲೆಯೆತ್ತಿ ನೋಡುತ್ತಿದ್ದ. ಹತ್ತನೆಯ ದಿನ ಸುದ್ದಿ ಬಂತು. ಹಾವು ಪೊರೆ ಬಿಟ್ಟಿದೆ. ಒಂದೇ ತುಂಡು, ಕಣ್ಣಿನ ಗಾಜಿನ ಸಮೇತ.

ಶಿವರಾತ್ರಿಯ ಹಿಂದೆ ಮುಂದೆ, ಬಿಸಿಲು ಚುರುಕಾದ ಮೇಲೆ, ಒಂದು ಸಂಜೆ ಅದೇ ಮಡ್ಡಿಯ ಬದುವಿನಲ್ಲಿ ಹಾವನ್ನು ಬಿಟ್ಟರು. ಹುಡುಗನನ್ನೂ ಕರೆದಿದ್ದರು, ಮುಟ್ಟಲು ಮಾತ್ರ ಬಿಡಲಿಲ್ಲ. ಚೀಲದ ಬಾಯಿ ಸಡಿಲಿಸಿದರು. ಹಾವು ಒಂದು ಗಳಿಗೆ ಹಾಗೆಯೇ ಇತ್ತು. ಆಮೇಲೆ ಮೂತಿಯಿಂದ ಮಣ್ಣು ತಳ್ಳುತ್ತ ತಳ್ಳುತ್ತ ಒಳಗೆ ಇಳಿಯಿತು. ಕೊನೆಗೆ ಉಳಿದದ್ದು ಮೊಂಡು ಬಾಲ. ಅದೂ ಹೋಯಿತು. ಮಣ್ಣಿನ ಮೇಲೆ ಬೆರಳಿನಿಂದ ಗೀಚಿದ ಹಾಗೆ ಒಂದು ಗೆರೆ ಉಳಿಯಿತು.

ಕಾಕಾ ಈಗಲೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ. ಇರಲಿ. ಆ ಮಡ್ಡಿಯ ಶೇಂಗಾ ತಿನ್ನುವ ಇಲಿಗಳ ಲೆಕ್ಕ ಆ ಹಾವು ನೋಡಿಕೊಳ್ಳುತ್ತದೆ. ಅದರ ಲಾಭ ಕಾಕಾನ ಖಾತೆಗೇ ಜಮಾ.

ಮಕ್ಕಳೇ, ನಾನು ಎರಡನೆಯ ಇಯತ್ತೆಯಲ್ಲಿ ಆ ನಾಗರಹಾವಿನ ಮುಂದೆ ಬಟ್ಟಲು ಇಟ್ಟಾಗ ಅದನ್ನು ನೋಡಿರಲಿಲ್ಲ. ಎದುರಿಗೆ ಇದ್ದರೂ ನೋಡಿರಲಿಲ್ಲ. ದೇವರನ್ನು ನೋಡಿದೆ, ಹಬ್ಬವನ್ನು ನೋಡಿದೆ, ನನ್ನ ಉಬ್ಬನ್ನು ನೋಡಿದೆ. ಹೊಲಿದ ತುಟಿ ಕಾಣಿಸಿದ್ದು ಮರುದಿನ. ಈ ಹುಡುಗ ತಪ್ಪು ಮಾಡಿದರೂ ದಿನಾ ನೋಡಿದ, ನೋಡಿದ್ದನ್ನು ಬರೆದ, ತಿಳಿಯದ್ದನ್ನು ಕೇಳಿದ. ಅದಕ್ಕೇ ಅವನ ಹಾವು ಉಳಿಯಿತು.

ನಿಮ್ಮ ಹೊಲದಲ್ಲಿ, ಮನೆಯಲ್ಲಿ ಹಾವು ಕಂಡರೆ ದೂರ ನಿಲ್ಲಿ, ಮನೆಯ ಹಿರಿಯರನ್ನು ಕರೆಯಿರಿ, 1926ಕ್ಕೆ ಫೋನು ಮಾಡಿಸಿ. ಯಾರಿಗಾದರೂ ಕಚ್ಚಿದರೆ ಮಂತ್ರ, ತಾಯತ, ಬ್ಲೇಡು, ಬಿಗಿ ಕಟ್ಟು ಯಾವುದೂ ಬೇಡ. ಕಚ್ಚಿದ ಕಾಲು ಕೈ ಅಲ್ಲಾಡದಂತೆ ಇಟ್ಟು 108 ಕರೆದು ಆಸ್ಪತ್ರೆಗೆ ಹೋಗಿ. ಪಂಚಮಿಗೆ ಬುಟ್ಟಿಯ ಹಾವು ಬಂದರೆ ಹಾಲಿನ ಬಟ್ಟಲು ಹಿಡಿಯುವ ಮೊದಲು ಅದರ ತುಟಿ ನೋಡಿ, ಮೂಗು ನೋಡಿ, ಮೈಯ ನಿರಿಗೆ ನೋಡಿ. ನಿಮ್ಮ ಅವ್ವನಿಗೂ ತೋರಿಸಿ.

ಹುಡುಗನ ನೋಟ್‌ಬುಕ್ಕನ್ನು ಮೊನ್ನೆ ಮತ್ತೆ ನೋಡಿದೆ. ಕೊನೆಯ ಸಾಲು ಹೀಗಿದೆ: “ಇವತ್ತು ಹಾವು ಹೋಯಿತು. ಹೋಗುವಾಗ ನಾಲಿಗೆ ಆಡಿಸುತ್ತಿತ್ತು. ಬಾಯಿ ಮುಚ್ಚಿತ್ತು.”